ಉಕ್ಕಿನ ದೊರೆ ಕಟ್ಟಿಸಿದ ಇಟ್ಟಿಗೆ ಹಾಲ್

ಲೈಫ್ ಅಂತ ಅಮೆರಿಕದಲ್ಲಿ ಒಂದು ಪತ್ರಿಕೆ ಇತ್ತು. ಫೋಟೋಗಳಿಗೇ ಹೆಸರಾದ ಪತ್ರಿಕೆ. 1957ರ ಸೆಪ್ಟೆಂಬರ್‌ನಲ್ಲಿ ಅದರಲ್ಲೊಂದು ಕಟ್ಟಡದ ಚಿತ್ರ ಬಂತು. 44 ಮಹಡಿ. ಮೈತುಂಬ ಕಡುಗೆಂಪು. ಕಟ್ಟಡ ಇನ್ನೂ ಎದ್ದಿರಲಿಲ್ಲ, ಮುಂದೆ ಹೀಗಿರುತ್ತೆ ಅಂತ ತೋರಿಸೋ ಚಿತ್ರ ಅದು. ನಮ್ಮಲ್ಲಿ ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲಿ ಬರುತ್ತಲ್ಲ, ಥೇಟ್ ಹಾಗೆ. ಜಾಗ ಎಲ್ಲಿ? ನ್ಯೂಯಾರ್ಕ್‌ನ 57ನೇ ಬೀದಿ ಮತ್ತು ಏಳನೇ ಅವೆನ್ಯೂ ಕೂಡುವ ಮೂಲೆ.

ಸಮಸ್ಯೆ ಏನಂದ್ರೆ, ಆ ಮೂಲೆಯಲ್ಲಿ ಆಗಲೇ ಒಂದು ಕಟ್ಟಡ ನಿಂತಿತ್ತು. ಹೆಸರು ಕಾರ್ನೆಗಿ ಹಾಲ್.

ಸಂಗೀತಗಾರರ ನಡುವೆ ಒಂದು ಹಳೇ ಜೋಕ್ ಇದೆ. ದಾರಿಹೋಕನೊಬ್ಬ ಕೇಳ್ತಾನೆ, ಸ್ವಾಮಿ, ಕಾರ್ನೆಗಿ ಹಾಲ್‌ಗೆ ಹೋಗೋದು ಹೇಗೆ? ಉತ್ತರ: ಅಭ್ಯಾಸ ಮಾಡಿ, ಅಭ್ಯಾಸ! ಪಾಶ್ಚಾತ್ಯ ಸಂಗೀತ ಲೋಕದಲ್ಲಿ ಆ ವೇದಿಕೆ ಹತ್ತೋದು ಅಂದ್ರೆ ಅಷ್ಟು ದೊಡ್ಡ ಮಾತು. ಅಂಥ ಹಾಲ್ ಅನ್ನು ನೆಲಸಮ ಮಾಡೋಕೆ ಹೊರಟಿದ್ರು. ಯಾರೋ ಹುಚ್ಚರಲ್ಲ, ಲೆಕ್ಕ ಬಲ್ಲವರೇ ಹೊರಟಿದ್ರು. ಈ ಕಥೆಯಲ್ಲಿ ನನಗೆ ಕುತೂಹಲ ಇರೋದು ಆ ಲೆಕ್ಕದ ಬಗ್ಗೆಯೇ.

ಮೊದಲು ಕಟ್ಟಿಸಿದವನ ವಿಚಾರ ನೋಡೋಣ. ಆ್ಯಂಡ್ರೂ ಕಾರ್ನೆಗಿ. ವ್ಯಕ್ತಿತ್ವ ವಿಕಸನದ ಪುಸ್ತಕ ಬರೆದ ಡೇಲ್ ಕಾರ್ನೆಗಿ ಅಲ್ಲ, ಆತ ಬೇರೆ. ತನ್ನ ಹೆಸರಿನ ಸ್ಪೆಲ್ಲಿಂಗನ್ನ ಈ ಸಾಹುಕಾರನ ಹೆಸರಿಗೆ ಹೊಂದಿಸಿಕೊಂಡವನು. ನಮ್ಮ ಕಾರ್ನೆಗಿ ಸ್ಕಾಟ್ಲೆಂಡಿನ ಕೈಮಗ್ಗದ ನೇಕಾರನ ಮಗ. ಯಂತ್ರದ ಮಗ್ಗ ಬಂದು ಅಪ್ಪನ ಕಸುಬು ಕೈಬಿಟ್ಟಾಗ ಇಡೀ ಮನೆ ಗಂಟುಮೂಟೆ ಕಟ್ಟಿಕೊಂಡು 1848ರಲ್ಲಿ ಅಮೆರಿಕಕ್ಕೆ ಬಂತು. ಹುಡುಗನಿಗೆ ಆಗ 12 ವರ್ಷ. ಹತ್ತಿ ಗಿರಣಿಯಲ್ಲಿ ನೂಲಿನ ಉರುಳೆ ಬದಲಾಯಿಸೋ ಕೆಲಸ, ವಾರಕ್ಕೆ 1 ಡಾಲರ್ 20 ಸೆಂಟ್ ಕೂಲಿ. ಅಲ್ಲಿಂದ ಟೆಲಿಗ್ರಾಫ್, ರೈಲ್ವೆ, ಆಮೇಲೆ ಉಕ್ಕು. ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬನಾದ.

1887ರಲ್ಲಿ ಮದುವೆ. ಹೆಂಡತಿ ಲೂಯಿಸ್ ವಿಟ್‌ಫೀಲ್ಡ್, ನ್ಯೂಯಾರ್ಕ್‌ನ ಒರಟೋರಿಯೋ ಸೊಸೈಟಿ ಅನ್ನೋ ಗಾಯನ ಸಂಘದಲ್ಲಿ ಹಾಡುತ್ತಿದ್ದವಳು. ಮಧುಚಂದ್ರಕ್ಕೆ ಹಡಗಿನಲ್ಲಿ ಹೊರಟಾಗ ವಾಲ್ಟರ್ ಡ್ಯಾಮ್ರಾಷ್ ಅನ್ನೋ 25ರ ಹುಡುಗ ಸಿಕ್ಕಿದ. ಅವನು ಅದೇ ಸಂಘದ ಕಂಡಕ್ಟರ್. ಬಸ್ ಕಂಡಕ್ಟರ್ ಅಲ್ರೀ, ವಾದ್ಯವೃಂದದ ಮುಂದೆ ಕೋಲು ಹಿಡಿದು ನಿಲ್ಲುವವನು. ನಮ್ಮ ಊರಿಗೆ ಒಂದು ಸರಿಯಾದ ಸಂಗೀತ ಸಭಾಂಗಣ ಇಲ್ಲ ಅಂತ ಆತ ದಾರಿಯುದ್ದಕ್ಕೂ ಕಿವಿಯೂದಿದ. ಹೊಸ ಹೆಂಡತಿ ಪಕ್ಕದಲ್ಲೇ ಇದ್ದಾಳೆ. ಸಾಹುಕಾರ ಇಲ್ಲ ಅನ್ನೋಕಾಗುತ್ತಾ?

1890ರ ಮೇ ತಿಂಗಳಲ್ಲಿ ಲೂಯಿಸ್ ಬೆಳ್ಳಿ ಕರಣೆ ಹಿಡಿದು ಅಡಿಗಲ್ಲು ಹಾಕಿದಳು. ಒಂದೇ ವರ್ಷದಲ್ಲಿ ಹಾಲ್ ಸಿದ್ಧವಾಯ್ತು. ಇಲ್ಲೊಂದು ತಮಾಷೆ ಗಮನಿಸಿ. ಕಟ್ಟಿಸಿದವನು ಉಕ್ಕಿನ ದೊರೆ. ಆದ್ರೆ ಕಟ್ಟಡಕ್ಕೆ ಉಕ್ಕಿನ ಅಸ್ಥಿಪಂಜರವೇ ಇಲ್ಲ! ದಪ್ಪ ದಪ್ಪ ಇಟ್ಟಿಗೆ ಗೋಡೆಗಳ ಮೇಲೇ ಭಾರವೆಲ್ಲ ನಿಂತಿದೆ. ಮೇಲೆ ಸ್ಟುಡಿಯೋ ಮಹಡಿಗಳನ್ನು ಸೇರಿಸಿದ್ದು, ಅದಕ್ಕೆ ಉಕ್ಕು ಬಳಸಿದ್ದು ಆಮೇಲಿನ ಮಾತು. ಹಾಲ್ ಮಾತ್ರ ಹಳೇ ಕಾಲದ ಹಾಗೆ ಗಾರೆ ಇಟ್ಟಿಗೆಯದು.

ವಾಸ್ತುಶಿಲ್ಪಿ ವಿಲಿಯಂ ಟಟ್‌ಹಿಲ್. ಅದುವರೆಗೆ ಒಂದೇ ಒಂದು ಸಂಗೀತ ಸಭಾಂಗಣ ಕಟ್ಟಿದವನಲ್ಲ. ಆದ್ರೆ ಚೆಲ್ಲೋ ನುಡಿಸ್ತಿದ್ದ. ಅಂದ್ರೆ ಕಿವಿ ಇತ್ತು. ಎಂಜಿನಿಯರಿಂಗ್ ಓದಿದವನಾಗಿ ನನಗೆ ಇಲ್ಲಿ ರೋಮಾಂಚನ ಆಗುತ್ತೆ. ಯಾಕೆ ಗೊತ್ತಾ? 1891ರಲ್ಲಿ ಸಭಾಂಗಣದ ಧ್ವನಿಗೆ ಸೂತ್ರವೇ ಇರಲಿಲ್ಲ. ವ್ಯಾಲೇಸ್ ಸ್ಯಾಬಿನ್ ಅನ್ನೋ ಹಾರ್ವರ್ಡ್‌ನ ಯುವ ಮೇಷ್ಟ್ರು ಆ ಕೆಲಸ ಶುರು ಮಾಡಿದ್ದೇ 1895ರಲ್ಲಿ. ಮಾತು ಗೊಳಗೊಳ ಅನ್ನುತ್ತಿದ್ದ ಒಂದು ಉಪನ್ಯಾಸ ಕೊಠಡಿಯನ್ನು ಸರಿಮಾಡು ಅಂದ್ರು. ಆತ ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಆರ್ಗನ್ನಿನ ಒಂದು ಕೊಳವೆ ಊದಿಸಿ, ನಾದ ಎಷ್ಟು ಸೆಕೆಂಡಿಗೆ ಅಡಗುತ್ತೆ ಅಂತ ಅಳೆದ. ದಿಂಬು ಹೆಚ್ಚಾದಷ್ಟೂ ನಾದ ಬೇಗ ಸಾಯುತ್ತೆ. ಕೋಣೆ ದೊಡ್ಡದಾದಷ್ಟೂ ಹೆಚ್ಚು ಹೊತ್ತು ಉಳಿಯುತ್ತೆ. ಇವತ್ತಿಗೂ ಎಂಜಿನಿಯರುಗಳ ಮೊದಲ ಪಾಠ ಅದೇ. ಟಟ್‌ಹಿಲ್‌ಗೆ ಆ ಪಾಠ ಸಿಕ್ಕಿರಲಿಲ್ಲ. ಆತ ಮೂಲೆಗಳನ್ನು ದುಂಡಗೆ ಮಾಡಿದ, ಅನಗತ್ಯ ಅಲಂಕಾರ ಬಿಟ್ಟ, ಪೆಟ್ಟಿಗೆಯಂಥ ಬಾಲ್ಕನಿಗಳನ್ನು ಬಾಗಿಸಿದ. ತನ್ನ ಕಿವಿಯನ್ನೂ, ತಿಳಿದವರ ಸಲಹೆಯನ್ನೂ ನಂಬಿದ.

ಅದು ಮೈಕ್ ಇಲ್ಲದ ಕಾಲ ಅನ್ನೋದನ್ನ ಮರೀಬೇಡಿ. ನಮ್ಮ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಯಾಕೆ? ಕೊನೇ ಸಾಲಿನವನಿಗೂ ಕೇಳಿಸಲಿ ಅಂತ. ಚೌಡಯ್ಯನವರು ವಾದ್ಯವನ್ನು ಬದಲಿಸಿದರು, ಟಟ್‌ಹಿಲ್ ಕಟ್ಟಡವನ್ನೇ ವಾದ್ಯ ಮಾಡಿದ. 2,804 ಸೀಟು. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಬಾಲ್ಕನಿಯಲ್ಲಿ ಕೂತವನಿಗೂ ಪಿಟೀಲಿನ ಎಳೆ ಸ್ಪಷ್ಟ.

1891ರ ಮೇ 5ರಂದು ಉದ್ಘಾಟನೆ. ರಷ್ಯಾದಿಂದ ಚೈಕೋವ್‌ಸ್ಕಿಯನ್ನೇ ಕರೆಸಿದ್ರು. ಆತ ತನ್ನದೇ ಕೃತಿಯನ್ನು ನಡೆಸಿಕೊಟ್ಟ. ಎರಡು ದಿನ ಕಳೆದು ಅವನ 51ನೇ ಹುಟ್ಟುಹಬ್ಬವೂ ಅಲ್ಲೇ ಆಯ್ತು.

ಇಷ್ಟು ಚೆಂದದ ಕಥೆಗೆ ಒಂದು ಕಪ್ಪು ಪುಟ ಇದೆ. ಹಾಲ್ ತೆರೆದು 14 ತಿಂಗಳಾಗಿತ್ತು ಅಷ್ಟೇ. 1892ರ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್‌ನಲ್ಲಿದ್ದ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತ, ಬೀಗಮುದ್ರೆ, ಮುಷ್ಕರ. ಮಾಲೀಕರು ಕರೆಸಿದ ಖಾಸಗಿ ಬಂದೂಕುಧಾರಿಗಳಿಗೂ ಕಾರ್ಮಿಕರಿಗೂ ಗುಂಡಿನ ಕಾಳಗ ನಡೆದು ಎರಡೂ ಕಡೆ ಹೆಣ ಬಿದ್ದವು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದ, ವ್ಯವಹಾರ ಫ್ರಿಕ್ ಅನ್ನೋ ಪಾಲುದಾರನ ಕೈಲಿತ್ತು. ಸಾವಿರಾರು ಗ್ರಂಥಾಲಯ ಕಟ್ಟಿಸಿದ ದಾನಿ ಹೌದು. ಆದ್ರೆ ಆ ದುಡ್ಡು ಕುಲುಮೆ ಮುಂದೆ ದಿನಕ್ಕೆ 12 ಗಂಟೆ ಬೆವರು ಸುರಿಸಿದವರದ್ದು. ಹಾಲ್‌ನ ಇತಿಹಾಸ ಹೇಳುವಾಗ ಇದನ್ನ ಬಿಟ್ಟು ಹೇಳಿದ್ರೆ ಅದು ಜಾಹೀರಾತಾಗುತ್ತೆ.

ಇನ್ನೊಂದು ವಿಚಾರ. ಕಾರ್ನೆಗಿ ಈ ಹಾಲ್ ಅನ್ನು ದಾನ ಅಂತ ಕಟ್ಟಿಸಲಿಲ್ಲ. ಕಂಪನಿ ಮಾಡಿ, ಷೇರು ಇಟ್ಟು ಕಟ್ಟಿಸಿದ. ಸಂಗೀತ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು ಅನ್ನೋದು ಅವನ ವಾದ. ನಿಲ್ಲಲಿಲ್ಲ. ವರ್ಷ ವರ್ಷವೂ ನಷ್ಟ, ವರ್ಷ ವರ್ಷವೂ ಕಾರ್ನೆಗಿಯೇ ಜೇಬಿನಿಂದ ತುಂಬಿದ. 1919ರಲ್ಲಿ ತೀರಿಕೊಂಡ. ಗ್ರಂಥಾಲಯಗಳಿಗೆ, ಸಂಶೋಧನೆಗೆ, ಶಾಂತಿ ಸಂಸ್ಥೆಗೆ ನಿಧಿ ಇಟ್ಟ ಮನುಷ್ಯ ತನ್ನ ಹೆಸರಿನ ಹಾಲ್‌ಗೆ ಮಾತ್ರ ಶಾಶ್ವತ ನಿಧಿ ಇಡಲಿಲ್ಲ. 1925ರಲ್ಲಿ ರಾಬರ್ಟ್ ಸೈಮನ್ ಅನ್ನೋ ರಿಯಲ್ ಎಸ್ಟೇಟ್ ಉದ್ಯಮಿಗೆ ಅದು ಮಾರಾಟವಾಯ್ತು. ಅಪಾಯದ ಬೀಜ ಬಿದ್ದದ್ದು ಇಲ್ಲೇ.

ಆದ್ರೆ ಅಷ್ಟರಲ್ಲಿ ಅಲ್ಲಿ ಏನೇನು ನಡೆದುಹೋಗಿತ್ತು, ಮುಂದೆ ಏನೇನು ನಡೆಯಿತು ಅಂತ ನೋಡಿ. 1892ರಲ್ಲೇ ಸಿಸಿಯೆರೆಟ್ಟಾ ಜೋನ್ಸ್ ಅನ್ನೋ ಕಪ್ಪು ಗಾಯಕಿ ಅಲ್ಲಿ ಹಾಡಿದಳು. ದೊಡ್ಡ ಹಾಲ್‌ನಲ್ಲಲ್ಲ, ಕೆಳಗಿನ ಚಿಕ್ಕ ಹಾಲ್‌ನಲ್ಲಿ. 1893ರಲ್ಲಿ ಡ್ವೋರ್‌ಜಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿ ಜಗತ್ತಿನಲ್ಲಿ ಮೊದಲ ಬಾರಿ ಕೇಳಿಸಿದ್ದು ಇದೇ ವೇದಿಕೆಯಲ್ಲಿ. ಅಮೆರಿಕದ ಸಂಗೀತ ಬೆಳೆಯಬೇಕಾದ್ರೆ ಕಪ್ಪು ಜನರ ಹಾಡುಗಳ ಮೇಲೆ ಬೆಳೆಯಬೇಕು ಅಂತ ಬಹಿರಂಗವಾಗಿ ಹೇಳಿದ ಬೊಹೀಮಿಯಾದ ಮನುಷ್ಯ ಡ್ವೋರ್‌ಜಾಕ್. ಬಿಳಿಯರಿಗೆ ಅದು ಸಲೀಸಾಗಿ ಗಂಟಲಿಗಿಳಿಯೋ ಮಾತಾಗಿರಲಿಲ್ಲ. 1912ರಲ್ಲಿ ಜೇಮ್ಸ್ ರೀಸ್ ಯುರೋಪ್‌ನ ಕ್ಲೆಫ್ ಕ್ಲಬ್ ವಾದ್ಯವೃಂದ, ನೂರಕ್ಕೂ ಹೆಚ್ಚು ಕಪ್ಪು ಕಲಾವಿದರು, ದೊಡ್ಡ ಹಾಲ್‌ನ ವೇದಿಕೆ ತುಂಬಿ ಕೂತಿತು. 20 ವರ್ಷ ಬೇಕಾಯ್ತು ಕೆಳಗಿನ ಹಾಲ್‌ನಿಂದ ಮೇಲಿನ ಹಾಲ್‌ಗೆ ಬರೋಕೆ.

ಆಮೇಲೆ 1938ರ ಜನವರಿ 16. ಬೆನ್ನಿ ಗುಡ್‌ಮನ್ ಜಾಝ್ ತಂಡ. ಜಾಝ್ ಅಂದ್ರೆ ಆಗ ಕುಣಿಯೋ ಕ್ಲಬ್ಬಿನ ಸಂಗೀತ, ಕೋಟು ಹಾಕಿ ಕೂತು ಕೇಳೋದಲ್ಲ ಅನ್ನೋ ಭಾವನೆ. ಗುಡ್‌ಮನ್ ಬಡ ಯಹೂದಿ ವಲಸಿಗರ ಮಗ. ಅವನ ಜತೆ ವೇದಿಕೆ ಮೇಲೆ ಟೆಡ್ಡಿ ವಿಲ್ಸನ್, ಲಯೊನೆಲ್ ಹ್ಯಾಂಪ್ಟನ್ ಇದ್ದರು, ಕೌಂಟ್ ಬೇಸಿ ಇದ್ದ, ಡ್ಯೂಕ್ ಎಲಿಂಗ್‌ಟನ್‌ನ ವಾದಕರಿದ್ದರು. ಇವರೆಲ್ಲ ಕಪ್ಪು ಕಲಾವಿದರು. ದಕ್ಷಿಣದ ರಾಜ್ಯಗಳಲ್ಲಿ ಕರಿಯ, ಬಿಳಿಯ ಒಂದೇ ರೈಲು ಡಬ್ಬಿಯಲ್ಲಿ ಕೂರುವ ಹಾಗಿರಲಿಲ್ಲ. ಇಲ್ಲಿ ಒಂದೇ ವೇದಿಕೆಯಲ್ಲಿ ಕೂತು ನುಡಿಸಿದರು, ಹಾಲ್ ಕಿಕ್ಕಿರಿದಿತ್ತು.

ಪ್ರಸಾರ ಮಾಧ್ಯಮದವನಾಗಿ ನನ್ನ ಮೆಚ್ಚಿನ ಘಟನೆ ಇನ್ನೊಂದು. 1943ರ ನವೆಂಬರ್ 14, ಭಾನುವಾರ. ಬ್ರೂನೋ ವಾಲ್ಟರ್ ಅನ್ನೋ ದಿಗ್ಗಜ ಕಂಡಕ್ಟರ್ ಜ್ವರ ಹಿಡಿದು ಮಲಗಿದ. ಅವತ್ತಿನ ಕಚೇರಿ ದೇಶಕ್ಕೆಲ್ಲ ರೇಡಿಯೋದಲ್ಲಿ ನೇರ ಪ್ರಸಾರ. ರದ್ದು ಮಾಡೋ ಹಾಗಿಲ್ಲ. 25 ವರ್ಷದ ಸಹಾಯಕನೊಬ್ಬನಿಗೆ ಹೇಳಿಕಳಿಸಿದ್ರು, ನೀನೇ ಬಾ ಅಂತ. ವಾದ್ಯವೃಂದದ ಜತೆ ಒಂದು ರಿಹರ್ಸಲ್ ಕೂಡ ಇಲ್ಲ. ಹುಡುಗ ಹೋಗಿ ನಿಂತ. ಮರುದಿನ ಪತ್ರಿಕೆಯ ಮುಖಪುಟದಲ್ಲಿದ್ದ. ಹೆಸರು ಲಿಯೊನಾರ್ಡ್ ಬರ್ನ್‌ಸ್ಟೈನ್. ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾನೆ.

ನಮಗೂ ಈ ಜಾಗಕ್ಕೂ ನಂಟಿದೆ. 1927ರಲ್ಲಿ 11 ವರ್ಷದ ಪೋರನೊಬ್ಬ ಅಲ್ಲಿ ಬೀಥೋವನ್‌ನ ಪಿಟೀಲು ಕೃತಿ ನುಡಿಸಿ ಜನರನ್ನು ದಂಗುಬಡಿಸಿದ. ಯೆಹೂದಿ ಮೆನುಹಿನ್. ಆತ ದೊಡ್ಡವನಾಗಿ, ಮೈಕೈ ನೋವು ತಿಂದು, ನಿದ್ದೆ ಇಲ್ಲದೆ 1952ರಲ್ಲಿ ಮುಂಬೈಗೆ ಬಂದಾಗ ಯೋಗ ಕಲಿಸಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್. ಮೆನುಹಿನ್ ಅವರಿಗೆ ಕೈಗಡಿಯಾರ ಕೊಟ್ಟು, ಅದರ ಹಿಂಬದಿಯಲ್ಲಿ ಇವರೇ ನನ್ನ ಅತ್ಯುತ್ತಮ ಪಿಟೀಲು ಗುರು ಅನ್ನೋ ಅರ್ಥದಲ್ಲಿ ಕೆತ್ತಿಸಿದ್ದ. ಇನ್ನು ಎಂ.ಎಸ್. ಸುಬ್ಬುಲಕ್ಷ್ಮಿ 1977ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಹಾಡಿದ ಕಚೇರಿಯ ಧ್ವನಿಮುದ್ರಣ ಈಗಲೂ ನಮ್ಮ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಕೇಳಿಸುತ್ತೆ. 1960ರಲ್ಲಿ ಆ ಕಟ್ಟಡ ಹೋಗಿದ್ರೆ ಆ ಕಚೇರಿ ಅಲ್ಲಿ ಆಗ್ತಿರಲಿಲ್ಲ.

ಹೌದು, 1960. ಈಗ ಲೆಕ್ಕದ ವಿಚಾರಕ್ಕೆ ಬರೋಣ.

ಐವತ್ತರ ದಶಕದಲ್ಲಿ ಮ್ಯಾನ್‌ಹಟನ್‌ನ ಪಶ್ಚಿಮ ಭಾಗದಲ್ಲಿ ಲಿಂಕನ್ ಸೆಂಟರ್ ಅನ್ನೋ ಬೃಹತ್ ಕಲಾ ಸಂಕೀರ್ಣದ ಯೋಜನೆ ಎದ್ದಿತು. ಕಾರ್ನೆಗಿ ಹಾಲ್‌ನಲ್ಲಿ 1892ರಿಂದ ನುಡಿಸುತ್ತಿದ್ದ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ತಾನು ಅಲ್ಲಿಗೆ ಹೋಗ್ತೀನಿ ಅಂತು. ದೊಡ್ಡ ಬಾಡಿಗೆದಾರನೇ ಗಂಟು ಕಟ್ಟಿದ ಮೇಲೆ ಹಾಲ್‌ನ ಗತಿ ಏನು? ಮಾಲೀಕ ಈಗ ಜೂನಿಯರ್ ಸೈಮನ್, ಅಂದ್ರೆ ಕೊಂಡವನ ಮಗ. ಆತನನ್ನು ಖಳನಾಯಕ ಮಾಡಬೇಡಿ. ಆತ ಮೊದಲು ಫಿಲ್‌ಹಾರ್ಮೋನಿಕ್‌ಗೇ ಹೇಳಿದ್ದ, ನೀವೇ ಕೊಂಡುಕೊಳ್ಳಿ ಅಂತ. ಅವರು ಬೇಡ ಅಂದ್ರು. ಕೆಂಪು ಗೋಪುರದ ಬಿಲ್ಡರ್ 1958ರಲ್ಲಿ ಹಿಂದೆ ಸರಿದರೂ ಕೆಡವೋ ಯೋಚನೆ ಸರೀಲಿಲ್ಲ. 1960ರ ವಸಂತಕ್ಕೆ ಮುಹೂರ್ತ ಕೂಡ ಇಟ್ಟಾಗಿತ್ತು. ಊರಿಗೆ ಎರಡು ಸಂಗೀತ ಸಭಾಂಗಣ ಯಾಕೆ, ಹೊಸದು ಬಂದ ಮೇಲೆ ಹಳೇದು ಯಾಕೆ? ಇದೇ ಅವತ್ತಿನ ಬುದ್ಧಿವಂತರ ಲೆಕ್ಕ. ಕಾಗದದ ಮೇಲೆ ನೋಡಿದ್ರೆ ತಪ್ಪೇ ಕಾಣಲ್ಲ.

ಎದ್ದು ನಿಂತವನು ಐಸಾಕ್ ಸ್ಟರ್ನ್. ಪಿಟೀಲುಗಾರ. ಇವತ್ತಿನ ಉಕ್ರೇನ್‌ನಲ್ಲಿ ಹುಟ್ಟಿ, ಹಾಲುಗಲ್ಲದ ವಯಸ್ಸಿನಲ್ಲೇ ಅಮೆರಿಕಕ್ಕೆ ಬಂದವನು. ರಾಜಕಾರಣಿಯಲ್ಲ, ಸಾಹುಕಾರನೂ ಅಲ್ಲ. ಹೆಂಡತಿ ವೆರಾ ಜತೆಗಿದ್ದಳು, ಜೇಕಬ್ ಕಪ್ಲನ್ ಅನ್ನೋ ದಾನಿ ಕೈಜೋಡಿಸಿದ. ಸಮಿತಿ ಮಾಡಿದ್ರು. ಪ್ರಸಿದ್ಧ ಕಲಾವಿದರ ಬೆಂಬಲ ಕಲೆಹಾಕಿದ್ರು. ಮೇಯರ್ ವ್ಯಾಗ್ನರ್ ಬಾಗಿಲು ತಟ್ಟಿದ್ರು.

ಒಂದು ವಿಷಯ ತಲೆಯಲ್ಲಿರಲಿ. ಆ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಪಾರಂಪರಿಕ ಕಟ್ಟಡಗಳನ್ನು ಉಳಿಸೋ ಕಾನೂನೇ ಇರಲಿಲ್ಲ. ಅದು ಬಂದದ್ದು 1965ರಲ್ಲಿ. ಪೆನ್ ಸ್ಟೇಷನ್ ಅನ್ನೋ ಅರಮನೆಯಂಥ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವೋಕೆ ಶುರುಮಾಡಿದಾಗ ಊರೇ ಬಾಯಿ ಬಾಯಿ ಬಡಿದುಕೊಂಡಿತು. ಆ ಸಿಟ್ಟಿನಿಂದ ಹುಟ್ಟಿದ ಕಾನೂನು ಅದು. ಸ್ಟರ್ನ್ ಹತ್ತಿರ 1960ರಲ್ಲಿ ಕೋರ್ಟಿಗೆ ಹೋಗೋಕೆ ಯಾವ ಸೆಕ್ಷನ್ನೂ ಇರಲಿಲ್ಲ. ಹಾಗಾಗಿ ಈ ಒಂದು ಕಟ್ಟಡಕ್ಕೋಸ್ಕರ ರಾಜ್ಯದ ಶಾಸನಸಭೆಯಲ್ಲಿ ವಿಶೇಷ ಕಾನೂನನ್ನೇ ಮಾಡಿಸಬೇಕಾಯ್ತು. ಸಹಿ ಹಾಕಿದ ಗವರ್ನರ್ ಯಾರು ಗೊತ್ತಾ? ನೆಲ್ಸನ್ ರಾಕ್‌ಫೆಲ್ಲರ್. ಲಿಂಕನ್ ಸೆಂಟರ್ ಕಟ್ಟಿಸುತ್ತಿದ್ದವರ ನಾಯಕ ಯಾರು? ಅವನ ಸ್ವಂತ ಅಣ್ಣ, ಜಾನ್ ರಾಕ್‌ಫೆಲ್ಲರ್. ಅಣ್ಣ ಹೊಸದನ್ನು ಕಟ್ಟಿಸ್ತಾನೆ, ತಮ್ಮ ಹಳೇದನ್ನ ಉಳಿಸ್ತಾನೆ!

1960ರ ಜೂನ್‌ನಲ್ಲಿ ನ್ಯೂಯಾರ್ಕ್ ನಗರ 50 ಲಕ್ಷ ಡಾಲರ್ ಕೊಟ್ಟು ಹಾಲ್ ಕೊಂಡಿತು. ನಡೆಸೋಕೆ ಲಾಭದ ಗುರಿ ಇಲ್ಲದ ಒಂದು ಸಂಸ್ಥೆ. ಸ್ಟರ್ನ್ ಅದರ ಅಧ್ಯಕ್ಷ, 2001ರಲ್ಲಿ ಸಾಯುವವರೆಗೂ. ಸೈಮನ್‌ಗೂ ನಷ್ಟವಿಲ್ಲ. ಆ ದುಡ್ಡಿನಿಂದ ವರ್ಜೀನಿಯಾದಲ್ಲಿ ಜಮೀನು ಕೊಂಡು ರೆಸ್ಟನ್ ಅನ್ನೋ ಹೊಸ ಊರನ್ನೇ ಕಟ್ಟಿದ. ಹೆಸರಿನ ಮೊದಲ ಮೂರು ಅಕ್ಷರ ಅವನದೇ ಇನಿಷಿಯಲ್ಲು. ಕರಿಯ, ಬಿಳಿಯ ಭೇದವಿಲ್ಲದೆ ಯಾರು ಬೇಕಾದರೂ ಮನೆ ಕೊಳ್ಳಬಹುದು ಅನ್ನೋ ನಿಯಮ ಅಲ್ಲಿ ಮೊದಲ ದಿನದಿಂದಲೇ ಇತ್ತು.

50 ಲಕ್ಷ ಡಾಲರ್. ಈ ಸಂಖ್ಯೆ ಹಿಡಿದುಕೊಂಡಿರಿ.

1962ರ ಸೆಪ್ಟೆಂಬರ್ 23. ಲಿಂಕನ್ ಸೆಂಟರ್‌ನ ಹೊಸ ಫಿಲ್‌ಹಾರ್ಮೋನಿಕ್ ಹಾಲ್ ಉದ್ಘಾಟನೆ. ಟೀವಿಯಲ್ಲಿ ನೇರ ಪ್ರಸಾರ. ಜಾಕ್ವೆಲಿನ್ ಕೆನಡಿ ಬಂದಿದ್ದಾಳೆ. ಕೋಲು ಹಿಡಿದು ನಿಂತವನು ಅದೇ ಬರ್ನ್‌ಸ್ಟೈನ್. ಧ್ವನಿಯ ಹೊಣೆ ಲಿಯೋ ಬೆರನೆಕ್‌ನದು. ಸಾಮಾನ್ಯನಲ್ಲ, ಆ ಕಾಲದ ಧ್ವನಿ ಎಂಜಿನಿಯರುಗಳಲ್ಲಿ ಅಗ್ರಗಣ್ಯ. ಜಗತ್ತಿನ ಐವತ್ತಕ್ಕೂ ಹೆಚ್ಚು ಸಭಾಂಗಣಗಳನ್ನು ಅಧ್ಯಯನ ಮಾಡಿದ್ದವನು. ಟಟ್‌ಹಿಲ್ ಹತ್ತಿರ ಇಲ್ಲದ ಸೂತ್ರ, ಉಪಕರಣ, ಅಂಕಿಅಂಶ ಎಲ್ಲ ಇವನ ಹತ್ತಿರ ಇತ್ತು.

ಫಲಿತಾಂಶ? ಫೇಲ್. ಕೆಳಸ್ಥಾಯಿಯ ವಾದ್ಯಗಳು ಕೇಳಿಸೋದೇ ಇಲ್ಲ. ಕೆಲವು ಕಡೆ ಪ್ರತಿಧ್ವನಿ. ವೇದಿಕೆ ಮೇಲಿನ ವಾದಕರಿಗೆ ಪಕ್ಕದವನು ಏನು ನುಡಿಸ್ತಿದ್ದಾನೆ ಅನ್ನೋದೇ ತಿಳಿಯದು. ಬೆರನೆಕ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನು ಮೊದಲು ಕೊಟ್ಟ ಆಕಾರ ಬೇರೆ. ಸೀಟು ಕಡಿಮೆಯಾಯ್ತು ಅಂತ ಪತ್ರಿಕೆಗಳು ಗುಲ್ಲೆಬ್ಬಿಸಿದವು, ಆಡಳಿತದವರು ಹೆದರಿ ಸೀಟು ಹೆಚ್ಚಿಸಿದರು, ಗೋಡೆಗಳ ಆಕಾರ ಬದಲಾಯ್ತು. ನಮ್ಮ ವೃತ್ತಿಯವರ ಕೈವಾಡವೂ ಅದರಲ್ಲಿದೆ, ಒಪ್ಪಿಕೊಳ್ಳೋಣ.

ಆಮೇಲೆ ಶುರುವಾಯ್ತು ದುರಸ್ತಿ ಯಾತ್ರೆ. ಮತ್ತೆ ಮತ್ತೆ ತೇಪೆ. 1973ರಲ್ಲಿ ಏವರಿ ಫಿಶರ್ ಅನ್ನೋ ಹೈ-ಫೈ ಸ್ಟೀರಿಯೋ ಉದ್ಯಮಿ 1 ಕೋಟಿ 5 ಲಕ್ಷ ಡಾಲರ್ ಕೊಟ್ಟ, ಹಾಲ್‌ಗೆ ಅವನ ಹೆಸರಿಟ್ಟರು. 1976ರಲ್ಲಿ ಒಳಗಿನದೆಲ್ಲ ಕಿತ್ತುಹಾಕಿ ಹೊಸದಾಗಿ ಕಟ್ಟಿದರು. ಸುಧಾರಿಸಿತು, ಸರಿಹೋಗಲಿಲ್ಲ. 2015ರಲ್ಲಿ ಡೇವಿಡ್ ಗೆಫನ್ ಹಾಲ್ ಅಂತ ಹೊಸ ಹೆಸರು, ಕೊನೆಗೆ 2022ರಲ್ಲಿ ಮತ್ತೊಮ್ಮೆ ಒಳಗೆಲ್ಲ ಹೊಸದು. ಖರ್ಚು 55 ಕೋಟಿ ಡಾಲರ್. ಹಣದುಬ್ಬರ ಎಷ್ಟೇ ಕಳೆದು ನೋಡಿ, 50 ಲಕ್ಷಕ್ಕೆ ಉಳಿದ ಹಾಲ್ ಎಂಥ ಅಗ್ಗದ ಬೇಟೆ ಅನ್ನೋದು ಗೊತ್ತಾಗುತ್ತೆ. ಸ್ಟರ್ನ್ ಸೋತಿದ್ದರೆ, ಅಮೆರಿಕದ ಅತಿ ದೊಡ್ಡ ನಗರದಲ್ಲಿ ದೊಡ್ಡ ವಾದ್ಯವೃಂದಕ್ಕೆ ಉಳಿಯುತ್ತಿದ್ದದ್ದು ಆ ಕೇಳಿಸದ ಹಾಲ್ ಒಂದೇ.

ಕಾರ್ನೆಗಿ ಹಾಲ್‌ನವರೂ ಕಮ್ಮಿಯೇನಿಲ್ಲ. 1986ರಲ್ಲಿ ಅವರೂ ಏಳು ತಿಂಗಳು ಬಾಗಿಲು ಹಾಕಿ ಭಾರೀ ನವೀಕರಣ ಮಾಡಿದ್ರು. ವೇದಿಕೆಯ ಮೇಲಿನ ಚಾವಣಿಯಲ್ಲಿ ನಲವತ್ತರ ದಶಕದಲ್ಲಿ ಒಂದು ಸಿನಿಮಾ ಚಿತ್ರೀಕರಣಕ್ಕೆ ಅಂತ ತೂತು ಕೊರೆದಿದ್ರು, ಅದನ್ನೂ ಮುಚ್ಚಿದ್ರು. ಬಾಗಿಲು ತೆರೆದಾಗ ಗೋಡೆ ಫಳಫಳ. ಆದ್ರೆ ರಸಿಕರು ಮೂಗು ಮುರಿದರು. ನಾದ ಬದಲಾಗಿದೆ, ಮುಂಚಿನ ಬೆಚ್ಚಗಿನ ಗುಣ ಇಲ್ಲ, ಕರ್ಕಶ ಆಗಿದೆ. ವೇದಿಕೆಯ ಮರದ ಹಲಗೆ ಕೆಳಗೆ ಕಾಂಕ್ರೀಟ್ ಸುರಿದಿದ್ದಾರೆ ಅಂತ ಗುಸುಗುಸು ಹಬ್ಬಿತು. ಆಡಳಿತ ಏನಂತು? ಇಲ್ಲ ಅಂತು. ವರ್ಷಗಟ್ಟಲೆ ಇಲ್ಲ ಇಲ್ಲ ಅಂತಲೇ ಇತ್ತು. 1995ರ ಬೇಸಿಗೆಯಲ್ಲಿ ಹಲಗೆಗಳು ಬಾಗಿದವು ಅಂತ ವೇದಿಕೆ ಬಿಚ್ಚಿದಾಗ ಕೆಳಗೆ ಏನು ಸಿಕ್ಕಿತು ಹೇಳಿ? ಕಾಂಕ್ರೀಟ್! ಅಗೆದು ಹೊರಗೆ ಹಾಕಿದರು, ಹಳೇ ರೀತಿಯಲ್ಲೇ ಮರ ಹಾಕಿದರು. ಅಂಕಿಅಂಶ ಇಟ್ಟುಕೊಂಡವರು ಹೇಳಿದ್ದಲ್ಲ, ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತವರ ಕಿವಿ ಹೇಳಿದ್ದು ನಿಜವಾಯ್ತು.

ಇನ್ನೊಂದು ಸಂಗತಿ ನನಗೆ ಅಷ್ಟು ಸಲೀಸಾಗಿ ನುಂಗೋಕಾಗಲ್ಲ. ಹಾಲ್‌ನ ಮೇಲಿನ ಮಹಡಿಗಳಲ್ಲಿ ನೂರಕ್ಕೂ ಹೆಚ್ಚು ಸ್ಟುಡಿಯೋಗಳಿದ್ದವು ಅಂದೆನಲ್ಲ. ಕಾರ್ನೆಗಿ ಕಾಲದಿಂದಲೂ ಕಲಾವಿದರಿಗೇ ಬಾಡಿಗೆಗೆ ಕೊಟ್ಟ ಕೋಣೆಗಳವು. ಚಿತ್ರಕಾರರು, ನೃತ್ಯಗಾರ್ತಿಯರು, ಫೋಟೋಗ್ರಾಫರುಗಳು, ಪಾಠ ಹೇಳೋ ಮೇಷ್ಟ್ರುಗಳು ಅಲ್ಲೇ ಬಾಳಿ ಬದುಕಿದ್ರು. ಮಾರ್ಲನ್ ಬ್ರಾಂಡೊ ಕೂಡ ಒಂದಷ್ಟು ಕಾಲ ಇದ್ದ. 2007ರಲ್ಲಿ, ಹಾಲ್ ಅನ್ನು ಉಳಿಸಲು ಹುಟ್ಟಿದ್ದ ಅದೇ ಸಂಸ್ಥೆ, ಅವರಿಗೆಲ್ಲ ಖಾಲಿ ಮಾಡಿ ಅಂತು. ಹಲವು ದಶಕದಿಂದ ಇದ್ದ ತೊಂಬತ್ತು ದಾಟಿದ ಅಜ್ಜಿಯೂ ಅದರಲ್ಲಿದ್ದಳು. ಕೋರ್ಟು ಕಚೇರಿ ನಡೆಯಿತು. 2010ರಲ್ಲಿ ಕೊನೆಯ ಬಾಡಿಗೆದಾರರೂ ಇಳಿದರು. ಈಗ ಆ ಜಾಗದಲ್ಲಿ ಸಂಗೀತ ಶಿಕ್ಷಣದ ಕೋಣೆಗಳಿವೆ. ಮಕ್ಕಳು ಬಂದು ಕಲಿತಾರೆ, ಒಳ್ಳೇದೇ. ಹೊರಗೆ ಹೋದವರ ಪಾಲಿಗೆ ಮಾತ್ರ 1960ರ ಗೆಲುವು 50 ವರ್ಷಕ್ಕೇ ಮುಗಿಯಿತು.

ಮತ್ತೆ ಆ ಕೆಂಪು ಗೋಪುರ? ಅದು ಬರಲಿಲ್ಲ. ಆದ್ರೆ ಹಾಲ್‌ನ ಪಕ್ಕದ ಜಾಗದಲ್ಲೇ 1990ರ ಹೊತ್ತಿಗೆ ಕಾರ್ನೆಗಿ ಹಾಲ್ ಟವರ್ ಅಂತ 60 ಮಹಡಿಯ ಕಟ್ಟಡ ಎದ್ದಿತು. ಲೈಫ್ ಪತ್ರಿಕೆಯ ಚಿತ್ರದಲ್ಲಿದ್ದದ್ದಕ್ಕಿಂತ 16 ಮಹಡಿ ಹೆಚ್ಚು. ಸೀಸರ್ ಪೆಲ್ಲಿ ಅದರ ವಾಸ್ತುಶಿಲ್ಪಿ. ಹೊರಗೋಡೆಗೆ ಆತ ಆರಿಸಿಕೊಂಡದ್ದು ಇಟ್ಟಿಗೆ. ಪಕ್ಕದ ಹಳೇ ಹಾಲ್‌ನ ಬಣ್ಣಕ್ಕೆ ಹೊಂದುವ ಹಾಗೆ.